ಬಾಟಲಿಯ ಮೇಲಿನ ಮಿಸ್ರಿಯಾ

ಮಿಸ್ರಿಯಾಳಿಗೆ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇತ್ತು. ಲ್ಯಾಬಿನಲ್ಲಿ ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆರೆದಿಟ್ಟುಕೊಂಡು ಯಾರಾದರೂ ಫೋನಿನಲ್ಲಿ ಮಾತಾಡುತ್ತಾ ನಿಂತರೆ, ಆ ಫೋನನ್ನು ಕಿತ್ತು ಮೇಜಿನ ಮೇಲಿಟ್ಟು ತನ್ನ ಪಾಡಿಗೆ ಹೋಗುವವಳು ಅವಳು. ಆದರೆ ಅದು ಚಹಾ ಕುಡಿಯುವಷ್ಟರಲ್ಲಿ ಇಳಿದುಹೋಗುವ ಸಿಟ್ಟಾಗಿತ್ತು. ಈಗ ಅವಳಲ್ಲಿ ಇರುವುದು ಬೇರೆ. ಅದು ಇಳಿಯುವುದಿಲ್ಲ. ಇಳಿಯಬೇಕು ಅಂತ ನನಗೂ ಅನಿಸುವುದಿಲ್ಲ.

ನಾನು ಸಾತ್ವಿಕಾ. ಊರು ಬಂಟ್ವಾಳದ ಹತ್ತಿರದ ಸಿದ್ದಕಟ್ಟೆ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಡಿಗ್ರಿಯಲ್ಲಿ ನಾನು ಮತ್ತು ಮಿಸ್ರಿಯಾ ಒಂದೇ ಬೆಂಚಿನವರು. ಅವಳು ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ ಮೂಡುಬಿದಿರೆಗೆ ವಾಪಸು ಬಂದ ಮೇಲೆ ಜೈನಪೇಟೆಯ ಒಂದು ಬಾಡಿಗೆ ಮನೆಯಲ್ಲಿ ಇಬ್ಬರೂ ಒಟ್ಟಿಗಿದ್ದೆವು, ಈಗಲೂ ಇದ್ದೇವೆ. ಹಾಗಾಗಿ ಇದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಅವಳೇ ಹೇಳಿದ್ದು.

ಅವಳ ಮನೆ ಕಕ್ಕಿಂಜೆಯಲ್ಲಿ. ಚಾರ್ಮಾಡಿ ಘಾಟಿ ಹತ್ತುವ ಮೊದಲು ಲಾರಿಗಳು ನಿಲ್ಲುವ ಜಾಗದಲ್ಲಿ ಅವಳ ಬಾಪ ಬದ್ರುದ್ದೀನರ ದಿನಸಿ ಅಂಗಡಿ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾಯಿತು. ಕುಂಟುತ್ತಾ ಶಾಲೆಗೆ ಬಂದವಳನ್ನು ವಿಜ್ಞಾನದ ಸರಸ ಟೀಚರ್ ಸ್ಟಾಫ್ ರೂಮಿನಲ್ಲಿ ಕೂರಿಸಿ, ಗಾಯ ತೊಳೆಯುತ್ತಾ ಕೇಳಿದರಂತೆ:

"ಕೀವು ಅಂದರೆ ಎಂತದು, ಗೊತ್ತುಂಟಾ?"

"ಕೊಳಕು."

"ಕೊಳಕಲ್ಲ. ನಿನ್ನ ರಕ್ತದಲ್ಲಿ ಕಾವಲಿನ ಕೋಶಗಳುಂಟು. ಮುಳ್ಳಿನೊಟ್ಟಿಗೆ ಒಳಗೆ ಬಂದ ಕ್ರಿಮಿಗಳ ಜೊತೆ ಹೊಡೆದಾಡಿ ಅವು ಸತ್ತಿವೆ. ಈ ಬಿಳಿ ಉಂಟಲ್ಲ, ಅದು ಅವುಗಳ ಹೆಣ."

ಮಿಸ್ರಿಯಾಳಿಗೆ ಆ ದಿನ ನೋವು ಮರೆತುಹೋಯಿತಂತೆ. ಅವಳು ರೋಗನಿರೋಧಕ ವಿಜ್ಞಾನಕ್ಕೆ ಬಂದದ್ದು ಹೀಗೆ. ಮುಂದೆ ಒಬ್ಬ ಪತ್ರಕರ್ತ, "ನಿಮ್ಮ ಕುಟುಂಬದಲ್ಲಿ ಯಾರಾದರೂ ಕ್ಯಾನ್ಸರಿಗೆ ತೀರಿಕೊಂಡಿದ್ದಾರಾ? ಅದರಿಂದಲೇ ಈ ಛಲವಾ?" ಎಂದು ಕೇಳಿದ. ಇಲ್ಲ ಅಂದದ್ದಕ್ಕೆ ಅವನಿಗೆ ಬೇಸರವೇ ಆಯಿತು. ಯಾರೂ ಸತ್ತಿರಲಿಲ್ಲ. ಅವಳಿಗೆ ಗೊತ್ತುಮಾಡಿಕೊಳ್ಳಬೇಕಿತ್ತು, ಅಷ್ಟೇ.

ಗೊತ್ತುಮಾಡಿಕೊಳ್ಳಬೇಕಿದ್ದದ್ದು ಇದು: ಮುಳ್ಳಿನ ಗಾಯಕ್ಕೆ ಓಡಿಬಂದು ಹೊಡೆದಾಡುವ ಕಾವಲು ಕೋಶಗಳು ಕ್ಯಾನ್ಸರ್ ಗಡ್ಡೆಯ ಬಾಗಿಲಿಗೆ ಬಂದು ಯಾಕೆ ತೂಕಡಿಸುತ್ತವೆ? ಗಡ್ಡೆಯೇ ಅವುಗಳಿಗೆ ಜೋಗುಳ ಹಾಡಿ ಮಲಗಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಆ ಜೋಗುಳ ಎಂತದು, ಎಲ್ಲ ಗಡ್ಡೆಗಳಲ್ಲೂ ಒಂದೇನಾ, ಅದನ್ನು ನಿಲ್ಲಿಸಬಹುದಾ ಎಂಬುದರ ಒಂದು ಸಣ್ಣ ಮೂಲೆಯನ್ನು ಹಿಡಿದುಕೊಂಡು ಮಿಸ್ರಿಯಾ ಪುಣೆಯಲ್ಲಿ ತನ್ನ ಇಪ್ಪತ್ತರ ಪ್ರಾಯವನ್ನೆಲ್ಲ ಕಳೆದಳು. ಹೊರದೇಶಕ್ಕೆ ಹೋಗುವ ಅವಕಾಶವಿತ್ತು. ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ಒಂದು ಖಾಸಗಿ ಟ್ರಸ್ಟು ಸಂಶೋಧನಾ ಕೇಂದ್ರ ತೆರೆಯಿತು. ಹೊಸ ಯಂತ್ರಗಳು, ಸ್ವಂತ ಲ್ಯಾಬು, ಮನೆಗೆ ವೇಣೂರಿನ ಮೇಲಿಂದ ಹೋಗುವ ಬಸ್ಸು. ಅವಳು ಬಂದಳು.

ಕೇಂದ್ರದ ನಿರ್ದೇಶಕರು ಡಾಕ್ಟರ್ ಶೇಖರ. ಮೃದು ಮಾತಿನ ಮನುಷ್ಯ. ಯಾರಿಗೂ ಏಕವಚನ ಇಲ್ಲ, ಗುಮಾಸ್ತನಿಗೂ "ನೀವು". ಅವರು ಮಿಸ್ರಿಯಾಳಿಗೆ ಅವಳ ಕೆಲಸದ ಜೊತೆಗೆ ಇನ್ನೊಂದು ಕೆಲಸ ಕೊಟ್ಟರು. ಘಾಟಿಯ ಬುಡದಲ್ಲಿ ಬೆಳೆಯುವ ಒಂದು ಬಳ್ಳಿಯ ರಸಕ್ಕೆ ಕಾವಲು ಕೋಶಗಳನ್ನು ಎಬ್ಬಿಸುವ ಶಕ್ತಿ ಇದೆಯೇ ನೋಡುವುದು. ಬಳ್ಳಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಅದನ್ನು ಬುಡಸಮೇತ ಕಿತ್ತು ಕುದಿಸುವವರಿದ್ದಾರೆ.

ಅವಳು ನೋಡಿದಳು. ಪ್ಲಾಸ್ಟಿಕ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನೂ ಕಾವಲು ಕೋಶಗಳನ್ನೂ ಒಟ್ಟಿಗೆ ಬೆಳೆಸಿ ರಸ ಹಾಕಿದಾಗ ಕಾವಲು ಕೋಶಗಳು ಎದ್ದವು, ಕ್ಯಾನ್ಸರ್ ಕೋಶಗಳು ಸತ್ತವು. ಆ ದಿನ ಅವಳು ಖುಷಿಯಲ್ಲಿ ಮನೆಗೆ ಬಂದದ್ದು ನನಗೆ ನೆನಪುಂಟು. ಮರುಕ್ಷಣವೇ ತನ್ನ ಖುಷಿಗೆ ತಾನೇ ತಣ್ಣೀರು ಹಾಕಿಕೊಂಡಳು. "ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ಸಂಗತಿ ಅಲ್ಲ ಮಾರಾಯ್ತಿ. ಸಾಬೂನಿನ ನೀರು ಹಾಕಿದರೂ ಸಾಯ್ತವೆ. ಇಲಿಗಳಲ್ಲಿ ನೋಡಬೇಕು."

ಇಲಿಗಳಲ್ಲಿ ಏನೂ ಆಗಲಿಲ್ಲ. ರಸ ಕುಡಿದ ಇಲಿಗಳ ಗಡ್ಡೆಯೂ ಕುಡಿಯದವುಗಳ ಗಡ್ಡೆಯೂ ಒಂದೇ ಥರ ಬೆಳೆದವು. ಹೆಚ್ಚು ಕುಡಿಸಿದವುಗಳ ಲಿವರ್ ಕೆಟ್ಟಿತು. ಅವಳು ಮತ್ತೊಮ್ಮೆ ಮಾಡಿದಳು. ಮತ್ತೆ ಅದೇ. ಎರಡನ್ನೂ, ತಟ್ಟೆಯಲ್ಲಾದದ್ದನ್ನೂ ಇಲಿಯಲ್ಲಾಗದೇ ಹೋದದ್ದನ್ನೂ, ಒಂದೇ ಪ್ರಬಂಧದಲ್ಲಿ ಬರೆದು ಪ್ರಕಟಿಸಿದಳು. ವಿಜ್ಞಾನದಲ್ಲಿ ಇದು ಸೋಲಲ್ಲ. ಈ ದಾರಿಯಲ್ಲಿ ಹೋಗಬೇಡಿ ಎಂದು ಹಿಂದೆ ಬರುವವರಿಗೆ ಹೇಳುವುದೂ ಕೆಲಸವೇ.

ಡಾಕ್ಟರ್ ಶೇಖರ ಪತ್ರಿಕಾಗೋಷ್ಠಿ ಕರೆದರು. ಮಿಸ್ರಿಯಾಳನ್ನು ಬಿಳಿ ಕೋಟು ಹಾಕಿಸಿ ಪಕ್ಕದಲ್ಲಿ ಕೂರಿಸಿದರು. ತಟ್ಟೆಯ ಕತೆಯನ್ನು ಚೆನ್ನಾಗಿಯೇ ಹೇಳಿದರು. ಮಿಸ್ರಿಯಾ ಮೈಕ್ ಕೇಳಿ ಪಡೆದು ಇಲಿಗಳ ಕತೆ ಹೇಳಿದಳು. ಅಷ್ಟರಲ್ಲಿ ಊಟ ಬಂದಿತ್ತು, ಪತ್ರಕರ್ತರು ಎದ್ದಿದ್ದರು. ಮರುದಿನ ಅವಳ ದೊಡ್ಡ ಫೋಟೋ, ಮೇಲೆ ದಪ್ಪ ಅಕ್ಷರಗಳು: ಕ್ಯಾನ್ಸರ್ ಕೊಲ್ಲುವ ಬಳ್ಳಿ, ಕಕ್ಕಿಂಜೆಯ ಹುಡುಗಿಯ ಸಾಧನೆ. ಇಲಿಗಳು ಎಲ್ಲೂ ಇರಲಿಲ್ಲ. ಕಕ್ಕಿಂಜೆಯ ರಸ್ತೆಬದಿಯಲ್ಲಿ ಅವಳಿಗೆ ಅಭಿನಂದನೆಯ ಬ್ಯಾನರು ಎದ್ದಿತು. ಅವಳು ಪತ್ರಿಕೆಗಳಿಗೆ ಫೋನು ಮಾಡಿದಳು. ಒಂದು ಪತ್ರಿಕೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಬಳ್ಳಿಯ ರಸದ ಬಾಟಲಿ ಪೇಟೆಗೆ ಬಂತು. ಟ್ರಸ್ಟಿನವರ ಸಂಬಂಧಿಯೊಬ್ಬರ ಕಂಪೆನಿ. ಹಸಿರು ಬಾಟಲಿ, ಅದರ ಮೇಲೆ ಕ್ಯಾನ್ಸರಿನ ಗುರುತಾದ ಏಡಿಗೆ ಅಡ್ಡಗೆರೆ ಹಾಕಿದ ಚಿತ್ರ, 'ದೇಹದ ಕಾವಲನ್ನು ಎಚ್ಚರಿಸುತ್ತದೆ' ಎಂಬ ಮಾತು, ಮತ್ತು ಬಿಳಿ ಕೋಟು, ತಲೆಗೆ ನೀಲಿ ಸ್ಕಾರ್ಫಿನ ಮಿಸ್ರಿಯಾ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಗುರುವಾಯನಕೆರೆಯ ಒಂದು ಮೆಡಿಕಲ್ಲಿನಲ್ಲಿ ತಲೆನೋವಿನ ಮಾತ್ರೆ ತೆಗೆದುಕೊಳ್ಳಲು ಹೋದವಳು ಶೋಕೇಸಿನಲ್ಲಿ ತನ್ನನ್ನೇ ಸಾಲಾಗಿ ಕಂಡಳು.

ಮರುದಿನ ಬಾಟಲಿ ಹಿಡಿದುಕೊಂಡೇ ನಿರ್ದೇಶಕರ ಕೋಣೆಗೆ ಹೋದಳು.

"ಸರ್, ಇಲಿಗಳು ಎಲ್ಲಿ ಹೋದವು?"

"ಅದು ನಿಮ್ಮ ಪ್ರಬಂಧದಲ್ಲಿ ಉಂಟಲ್ಲ? ಬೇಕಾದವರು ಓದ್ತಾರೆ."

"ನನ್ನ ಬಾಪನ ಅಂಗಡಿಗೆ ಬರುವವರು ಯಾರು ಓದ್ತಾರೆ ಸರ್ ಅದನ್ನು?"

"ಇದರಿಂದ ಕ್ಯಾನ್ಸರ್ ಗುಣ ಆಗ್ತದೆ ಅಂತ ಬಾಟಲಿಯಲ್ಲಿ ಎಲ್ಲಿಯಾದರೂ ಬರೆದಿದ್ದೇವಾ? ತೋರಿಸಿ ನೋಡುವ."

ಬರೆದಿರಲಿಲ್ಲ. ಅದೇ ಅವರ ಜಾಣತನ. ಏಡಿಗೆ ಬಾಯಿ ಇಲ್ಲ, ಫೋಟೋಕ್ಕೂ ಇಲ್ಲ.

"ನನ್ನ ಫೋಟೋ ತೆಗೆಸಿ."

"ಆಯ್ತು, ನೋಡುವ."

ನಮ್ಮ ಕಡೆ 'ನೋಡುವ' ಅಂದರೆ ಆಗುವುದಿಲ್ಲ ಅಂತಲೇ. ಅವಳು ಟ್ರಸ್ಟಿನವರಿಗೆ ಬರೆದಳು, ಕಂಪೆನಿಗೆ ಬರೆದಳು. ಉತ್ತರ ಇಲ್ಲ. ಕಕ್ಕಿಂಜೆಯಲ್ಲಿ ಜನ ಬಾಪನನ್ನು ಕೇಳಲು ಶುರುಮಾಡಿದರು, ನಿಮ್ಮ ಮಗಳ ಮದ್ದು ನಿಮ್ಮಲ್ಲೇ ಇಲ್ಲವಾ ಬದ್ರುದ್ದೀನಾಕ ಎಂದು. "ಅದು ಮದ್ದಲ್ಲ" ಎಂದು ಅವರು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದರು. ಮಗಳ ಬಗ್ಗೆ ಎಂತಾ ವಿನಯ ಎಂದು ಜನ ಮೆಚ್ಚಿಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು.

ಆ ಚಳಿಗಾಲದ ಒಂದು ಭಾನುವಾರ ನಾನೂ ಅವಳೊಟ್ಟಿಗೆ ಕಕ್ಕಿಂಜೆಗೆ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳ ಉಮ್ಮ ಜುಲೈಕಾ ಹೇಳಿದರು, "ಸರಸ ಟೀಚರಿಗೆ ಹುಷಾರಿಲ್ಲವಂತೆ. ಎದೆಯಲ್ಲಿ ಗಡ್ಡೆ. ಹೋಗುವಾಗ ಮುಂಡಾಜೆಯಲ್ಲಿ ಇಳಿದು ನೋಡಿಕೊಂಡು ಹೋಗಿ."

ಟೀಚರ್ ನಿವೃತ್ತಿಯಾಗಿ ಮಗ ಶೋಧನನೊಟ್ಟಿಗೆ ಇದ್ದರು. ಅವನಿಗೆ ಉಜಿರೆಯಲ್ಲಿ ಮೊಬೈಲ್ ಅಂಗಡಿ. ನಾವು ಹೋದಾಗ ಟೀಚರ್ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ರೋಗಿಯ ಹಾಗೆ ಕಾಣಲಿಲ್ಲ. ಮಿಸ್ರಿಯಾಳನ್ನು ನೋಡಿದವರೇ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ತಲೆ ತಗ್ಗಿಸಿ ತೋರಿಸಿದರು. ಒಂದಿಂಚು ಕೂದಲು ಬಂದಿತ್ತು.

"ನೋಡು, ಹೇಗೆ ಬರ್ತಾ ಉಂಟು. ಕೀಮೋ ಬಿಟ್ಟ ಮೇಲೆ ಬಂದದ್ದು."

"ಬಿಟ್ಟದ್ದಾ? ಮುಗಿದದ್ದಾ, ಟೀಚರ್?"

"ಬಿಟ್ಟದ್ದು. ಮತ್ತೆಂತಕ್ಕೆ ಅದು? ನಿನ್ನ ಮದ್ದು ಉಂಟಲ್ಲ."

ಒಳಗೆ ಟಿವಿಯ ಪಕ್ಕದ ಶೋಕೇಸಿನಲ್ಲಿ ಖಾಲಿ ಬಾಟಲಿಗಳನ್ನು ಎಸೆಯದೆ ಜೋಡಿಸಿಟ್ಟಿದ್ದರು. ಎಲ್ಲದರ ಫೋಟೋ ಮುಂದೆ ಕಾಣುವ ಹಾಗೆ. ತನ್ನ ವಿದ್ಯಾರ್ಥಿನಿ ಎಂದು ಬಂದವರಿಗೆ ತೋರಿಸಲು.

ಮಿಸ್ರಿಯಾ ಕೂರಲಿಲ್ಲ. ಅವಳ ದನಿ ತೀರಾ ಸಣ್ಣದಾಗಿತ್ತು. "ಇದನ್ನು ಕುಡಿಯಲಿಕ್ಕೆ ಯಾರು ಹೇಳಿದರು?"

ಹೇಳಿದವನು ಕಂಪೆನಿಯ ಮನೀಷ್ ಎಂಬವನು, ಬಂಟ್ವಾಳದ ಹತ್ತಿರದ ಬಿ.ಸಿ. ರೋಡ್ ಪೇಟೆಯಿಂದ ಬಂದವನು. ಕೀಮೋ ದೇಹದ ಕಾವಲನ್ನು ಕೊಲ್ಲುತ್ತದೆ, ಇದು ಎಬ್ಬಿಸುತ್ತದೆ, ಒಂದು ಕೊಲ್ಲುವಾಗ ಇನ್ನೊಂದು ಎಬ್ಬಿಸಿ ಏನು ಪ್ರಯೋಜನ ಎಂದು ಕೇಳಿದನಂತೆ.

"ಅದು ಸುಳ್ಳಲ್ಲವಲ್ಲ?" ಟೀಚರ್ ಹೇಳಿದರು. "ಕೀಮೋದಲ್ಲಿ ನನ್ನ ಬಿಳಿ ರಕ್ತಕಣ ಇಳಿದದ್ದು ಹೌದು. ನಾನೂ ವಿಜ್ಞಾನ ಕಲಿಸಿದವಳು."

"ಇಳೀತವೆ ಟೀಚರ್. ಮತ್ತೆ ಏರ್ತವೆ. ಡಾಕ್ಟ್ರಿಗೆ ಅದು ಗೊತ್ತುಂಟು, ಅದಕ್ಕೇ ನಡುವೆ ಬಿಡುವು ಕೊಡುವುದು." ಮಿಸ್ರಿಯಾ ಅವರೆದುರು ನೆಲದ ಮೇಲೆ ಕುಳಿತಳು. "ಇದನ್ನು ನಾನು ಇಲಿಗಳಿಗೆ ಕೊಟ್ಟಿದ್ದೇನೆ. ಒಂದಕ್ಕೂ ಗುಣ ಆಗಲಿಲ್ಲ. ಇದು ಮದ್ದಲ್ಲ."

ಟೀಚರ್ ಶೋಕೇಸಿನ ಕಡೆ ತಿರುಗಿದರು. ಅಡಿಗೆಮನೆಯಿಂದ ಚಹಾ ತರುತ್ತಿದ್ದ ಶೋಧನ್ ಬಾಗಿಲಲ್ಲೇ ನಿಂತುಬಿಟ್ಟ.

"ಮತ್ತೆ ನಿನ್ನ ಫೋಟೋ ಎಂತಕ್ಕೆ ಉಂಟು ಇದರಲ್ಲಿ?"

"ನಾನು ಹಾಕಿದ್ದಲ್ಲ. ತೆಗೀರಿ ಅಂತ ಹೇಳಿದೆ, ಅವರು ತೆಗೀಲಿಲ್ಲ."

"ನೀನು ಹಾಕಿದ್ದಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?" ಟೀಚರ ದನಿ ಏರಿತು. ಕ್ಲಾಸಿನಲ್ಲಿ ಹೀಗೇ ಏರುತ್ತಿತ್ತೋ ಏನೋ. "ನನಗೆ ಆ ಮನೀಷನ ಮೇಲೆ ನಂಬಿಕೆ ಬಂದದ್ದಲ್ಲ ಹುಡುಗಿ. ಅವನಂಥವರನ್ನು ನಾನು ಎಷ್ಟು ನೋಡಿಲ್ಲ. ನಿನ್ನ ಮೇಲೆ ಬಂದದ್ದು."

ಮಿಸ್ರಿಯಾ ಎದ್ದು ಶೋಧನನ ಹತ್ತಿರ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಕೇಳಿದಳು.

ಮರುದಿನವೇ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲು ನೋಡುತ್ತಿದ್ದ ಡಾಕ್ಟರೇ ಇದ್ದರು. ಸ್ಕ್ಯಾನ್ ನೋಡಿ ಅವರು ಶೋಧನನನ್ನು ಹೊರಗೆ ಕರೆದರು. ಟೀಚರ್ ಬಿಡಲಿಲ್ಲ. "ಇಲ್ಲೇ ಹೇಳಿ, ನನ್ನದೇ ದೇಹ ಅಲ್ಲವಾ" ಎಂದರು. ಗಡ್ಡೆ ಬೆನ್ನೆಲುಬಿಗೂ ಲಿವರಿಗೂ ಹೋಗಿತ್ತು. ಮೊದಲು ಬಂದಾಗ ಗುಣ ಮಾಡುವ ಲೆಕ್ಕದಲ್ಲಿ ಚಿಕಿತ್ಸೆ ಶುರುಮಾಡಿದ್ದೆವು, ಇನ್ನು ಮೇಲೆ ತಡೆದು ನಿಲ್ಲಿಸುವ ಲೆಕ್ಕದಲ್ಲಿ ಮಾಡುವುದು ಎಂದರು ಡಾಕ್ಟರು. ಯಾರನ್ನೂ ಬೈಯಲಿಲ್ಲ. ಇಂಥವರು ವಾರ ವಾರ ಬರುತ್ತಾರೆ ಎಂದಷ್ಟೇ ಹೇಳಿದರು. ಮಿಸ್ರಿಯಾ ಆಸ್ಪತ್ರೆಯ ಹೊರಗೆ ಬಂದು ಒಂದು ಕಾರಿನ ಬಾನೆಟ್ಟಿಗೆ ಮುಷ್ಟಿಯಿಂದ ಗುದ್ದಿದಳು. ಯಾರದೋ ಕಾರು. ಕೈ ಬಾತುಕೊಂಡಿತು.

ಕಂಪೆನಿಯ ಏಜೆಂಟರ ಸಭೆ ಬಿ.ಸಿ. ರೋಡಿನ ಒಂದು ಹಾಲಿನಲ್ಲಿ ಇದೆ ಎಂದು ಶೋಧನನಿಗೆ ಮೆಸೇಜ್ ಬಂದಿತ್ತು, ಗ್ರಾಹಕ ಎಂಬ ಲೆಕ್ಕದಲ್ಲಿ. ನಾವು ಮೂವರೂ ಹೋದೆವು. ವೇದಿಕೆಯಲ್ಲಿ ಮಿಸ್ರಿಯಾಳ ಆಳೆತ್ತರದ ಕಟೌಟು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯ ಏಜೆಂಟರು, ಹೆಚ್ಚಿನವರು ಹೆಂಗಸರು. ಒಳಗೆ ಕಾಲಿಟ್ಟದ್ದೇ ತಡ, ಮನೀಷನಿಗೆ ಅವಳ ಗುರುತು ಸಿಕ್ಕಿತು. ಅವನ ಮುಖ ಅರಳಿತು.

"ಇವತ್ತು ನಮ್ಮ ಭಾಗ್ಯ. ಮೇಡಂ ಅವರೇ ಬಂದಿದ್ದಾರೆ. ಎರಡು ಮಾತಾಡ್ಬೇಕು ಮೇಡಂ."

ಹಾಲಿಡೀ ಚಪ್ಪಾಳೆ. ಅವನೇ ಮೈಕನ್ನು ಅವಳ ಕೈಗೆ ಕೊಟ್ಟ.

ಅವಳು ತುಳುವಿನಲ್ಲಿ ಮಾತಾಡಿದಳು, ಯಾರಿಗೂ ತಪ್ಪು ಅರ್ಥ ಆಗದ ಹಾಗೆ. "ಈ ಬಾಟಲಿಯ ರಸವನ್ನು ನಾನು ಕ್ಯಾನ್ಸರ್ ಇದ್ದ ಇಲಿಗಳಿಗೆ ಕುಡಿಸಿದ್ದೇನೆ. ಗಡ್ಡೆ ಕರಗಲಿಲ್ಲ. ಲಿವರ್ ಹಾಳಾಯಿತು. ಇದು ಇವರಿಗೆ ಗೊತ್ತುಂಟು. ಗೊತ್ತಿದ್ದೇ ನನ್ನ ಫೋಟೋ ಹಾಕಿ ಮಾರ್ತಾ ಇದ್ದಾರೆ. ನನಗೆ ಕಲಿಸಿದ ಟೀಚರ್ ಇದನ್ನು ನಂಬಿ ಕೀಮೋ ಬಿಟ್ಟರು. ಗುಣ ಆಗಬಹುದಾಗಿದ್ದ ಕಾಯಿಲೆ ಈಗ ಗುಣ ಆಗುವುದಿಲ್ಲ. ನೀವು ಇದನ್ನು ಯಾರಿಗೆಲ್ಲ ಕೊಟ್ಟಿದ್ದೀರಿ?"

ಅಷ್ಟರಲ್ಲಿ ಮೈಕ್ ಬಂದ್ ಆಯಿತು. ಅವಳು ನಿಲ್ಲಿಸಲಿಲ್ಲ, ಗಂಟಲಲ್ಲೇ ಕೂಗಿ ಹೇಳಿದಳು. "ಯಾರಿಗೆಲ್ಲ ಕೊಟ್ಟಿದ್ದೀರಿ, ಅವರ ಮನೆಗೆ ಹೋಗಿ ಹೇಳಿ."

ಮನೀಷ್ ನಗುತ್ತಲೇ ಅವಳ ತೋಳು ಹಿಡಿಯಲು ಬಂದ. ಶೋಧನ್ ನಡುವೆ ನಿಂತ. ಗದ್ದಲವಾಯಿತು. ಕೆಲವರು ಅವಳನ್ನೇ ಬೈದರು, ಬೇರೆ ಕಂಪೆನಿಯವರು ಕಳಿಸಿದ್ದು ಎಂದರು. ಎರಡನೇ ಸಾಲಿನಲ್ಲಿದ್ದ ಮುರ್ಶಿದಾ ಎಂಬ ಹೆಂಗಸು ಮಾತ್ರ ಎದ್ದು ನೇರ ಅವಳ ಹತ್ತಿರ ಬಂದಳು.

"ನಾನು ನನ್ನ ಮಾವನಿಗೇ ಕೊಟ್ಟಿದ್ದೇನೆ. ಗಂಟಲಿನ ಕ್ಯಾನ್ಸರ್. ಈಗ ಎಂತ ಮಾಡುವುದು?"

"ಇವತ್ತೇ ನಿಲ್ಲಿಸಿ. ನಾಳೆ ಆಸ್ಪತ್ರೆಗೆ ಕರಕೊಂಡು ಬನ್ನಿ. ನಾನೂ ಬರ್ತೇನೆ."

ಅವರು ಬಂದರು. ಆ ಮಾವ ಈಗಲೂ ಇದ್ದಾರೆ. ಇಡೀ ಕತೆಯಲ್ಲಿ ಒಳ್ಳೆಯದಾದದ್ದು ಅಂತ ಇದ್ದರೆ ಅದೊಂದು.

ಯಾರೋ ತೆಗೆದ ವಿಡಿಯೋ ಮರುದಿನ ಜಿಲ್ಲೆಯಿಡೀ ಓಡಾಡಿತು. ಅದರ ಕೆಳಗೆ ಜನ ಬರೆದದ್ದನ್ನು ನಾನು ಓದಿದ್ದೇನೆ. ಬ್ಯಾನರಿನಲ್ಲಿದ್ದಾಗ ಅವಳು 'ನಮ್ಮೂರ ಹೆಮ್ಮೆ'ಯಾಗಿದ್ದಳು, 'ನಮ್ಮ ಮನೆಮಗಳು' ಆಗಿದ್ದಳು. ಬಾಯಿ ತೆರೆದದ್ದೇ ತಡ 'ಅವರು' ಆದಳು. ಅವರಿಗೆ ನಮ್ಮ ಗಿಡಮೂಲಿಕೆ ಕಂಡರೆ ಆಗುವುದಿಲ್ಲ ಎಂದು ಬರೆದರು. ಅವಳ ಸ್ಕಾರ್ಫಿನ ಬಗ್ಗೆ ಬರೆದರು. ಇವರಲ್ಲಿ ಒಬ್ಬರಾದರೂ ಒಂದು ಇಲಿಯ ಲಿವರ್ ನೋಡಿದವರಾ? ನನ್ನದೇ ಕಾಲೇಜಿನ ಒಬ್ಬರು, ಜೀವಶಾಸ್ತ್ರದಲ್ಲೇ ಎಂಎಸ್ಸಿ ಮಾಡಿದವರು, ಅಂಥದ್ದೊಂದು ಬರಹವನ್ನು ಹಂಚಿದ್ದರು. ನಾನು ಅವರ ಜೊತೆ ಇವತ್ತಿಗೂ ಮಾತಾಡುವುದಿಲ್ಲ.

ಕೇಂದ್ರ ಅವಳನ್ನು ಅಮಾನತು ಮಾಡಿತು. ಸಂಸ್ಥೆಯ ಗೌರವಕ್ಕೆ ಧಕ್ಕೆ ಎಂಬ ಕಾರಣ. ಬೆಳಿಗ್ಗೆ ಲ್ಯಾಬಿಗೆ ಹೋದರೆ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಒಳಗೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಅವಳ ಕೋಶಗಳಿದ್ದವು. ಬಳ್ಳಿಯದ್ದಲ್ಲ, ಪುಣೆಯಿಂದ ಶುರುವಾದ ಅವಳ ಸ್ವಂತ ಕೆಲಸದ್ದು, ನಿದ್ರೆ ಹೋಗುವ ಕಾವಲು ಕೋಶಗಳು. ಅವುಗಳಿಗೆ ಆಹಾರದ ದ್ರವ ಬದಲಿಸದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವಳು ಗಾಜಿನ ಬಾಗಿಲಿನ ಹೊರಗೆ ನಿಂತು ಒಳಗಿದ್ದ ಸಹಾಯಕ ಉನೈಸ್‌ನನ್ನು ಕೇಳಿಕೊಂಡಳು, "ಒಮ್ಮೆ ಆ ದ್ರವ ಬದಲಿಸು ಮಾರಾಯ, ನನಗಾಗಿ ಅಲ್ಲ." ಅವನು ನೆಲ ನೋಡುತ್ತಾ ತಲೆ ಅಲ್ಲಾಡಿಸಿದ. ಅವಳ ಯಾವುದನ್ನೂ ಮುಟ್ಟಬಾರದೆಂದು ಅವನಿಗೆ ಆದೇಶವಿತ್ತು. ಡಾಕ್ಟರ್ ಶೇಖರ ಆ ದಾರಿಯಲ್ಲೇ ಹೋದರು. "ನೀವು ಸ್ವಲ್ಪ ವಿಶ್ರಾಂತಿ ತೆಗೊಳ್ಳಿ ಮಿಸ್ರಿಯಾ" ಎಂದರಂತೆ, ಅದೇ ಮೃದು ದನಿಯಲ್ಲಿ. ಅವಳು ಮನೆಗೆ ಬಂದು ಅತ್ತಳು. ಇಡೀ ಪ್ರಕರಣದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಔಷಧ ನಿಯಂತ್ರಣದವರಿಗೆ ದೂರು ಕೊಟ್ಟರು, ಅವಳೂ ಶೋಧನನೂ ಸೇರಿ. ಕಚೇರಿಗೆ ಅಲೆದರು. ಇದು ಔಷಧವೇ ಅಲ್ಲ, ಆಹಾರ ಪೂರಕ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಕಡೆ. ಇಲ್ಲ, ಅವರದ್ದೇ ವ್ಯಾಪ್ತಿ ಎಂದು ಇನ್ನೊಂದು ಕಡೆ. ಕೊನೆಗೊಂದು ನೋಟಿಸು ಹೋಯಿತು. ಬಾಟಲಿಯಿಂದ ಏಡಿ ಹೋಯಿತು, ಮಿಸ್ರಿಯಾಳೂ ಹೋದಳು. ಹೆಸರು ಬದಲಾಯಿತು. ಒಳಗಿನ ರಸ ಅದೇ. ಈಗಲೂ ಸಿಗುತ್ತದೆ. ಯಾರೂ ಜೈಲಿಗೆ ಹೋಗಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಮನೀಷ್ ಈಗ ಮಂಡಿನೋವಿನ ಎಣ್ಣೆ ಮಾರುತ್ತಾನೆ ಎಂದು ಕೇಳಿದ್ದೇನೆ.

ಕೇಂದ್ರವನ್ನು ಬಿಟ್ಟ ಮಿಸ್ರಿಯಾಳಿಗೆ ಮಂಗಳೂರಿನ ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ರೋಗಿಗಳ ಗಡ್ಡೆಯ ತುಣುಕುಗಳಿಗೆ ಬಣ್ಣ ಹಾಕಿ, ಯಾವ ಮದ್ದು ಹಿಡಿಯಬಹುದು ಎಂದು ನೋಡಿ ಹೇಳುವ ಕೆಲಸ. ಸ್ವಂತ ಲ್ಯಾಬಲ್ಲ, ಸಂಶೋಧನೆಯೂ ಅಲ್ಲ. ಟೀಚರನ್ನು ನೋಡುತ್ತಿದ್ದ ಡಾಕ್ಟರೇ ಒಂದು ದಿನ ಕೇಳಿದರು, ನಿಮ್ಮ ಹಳೆಯ ಪ್ರಶ್ನೆಯನ್ನು ಇಲ್ಲಿಯ ರೋಗಿಗಳ ರಕ್ತದಲ್ಲೇ ಕೇಳಬಹುದಲ್ಲ ಎಂದು. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತು. ಚಿಕಿತ್ಸೆಯ ಪ್ರತಿ ಹಂತದಲ್ಲೂ ಕಾವಲು ಕೋಶಗಳು ಯಾವಾಗ ಏಳುತ್ತವೆ, ಯಾವಾಗ ಮಲಗುತ್ತವೆ ಎಂದು ನೋಡುವುದು. ಮೊದಲು ರಕ್ತ ಕೊಡಲು ತೋಳು ಚಾಚಿದವರು ಸರಸ ಟೀಚರ್.

"ನನ್ನದು ತೆಗೋ. ಆದರೆ ಕಂಡದ್ದನ್ನೆಲ್ಲ ಹೇಳಬೇಕು, ಒಳ್ಳೆಯದು ಮಾತ್ರ ಅಲ್ಲ."

"ಹೇಳ್ತೇನೆ ಟೀಚರ್."

ಹೇಳಿದಳು ಕೂಡ. ಪ್ರತಿ ಸಲ ಬಂದಾಗ ಟೀಚರ್ ಗಾಲಿಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು, ಇವಳು ಗ್ರಾಫ್ ಬಿಡಿಸಿ ತೋರಿಸುತ್ತಿದ್ದಳು. ಕೊನೆಕೊನೆಗೆ ಗೆರೆ ಕೆಳಗಿಳಿದದ್ದನ್ನೂ ತೋರಿಸಿದಳು. ಟೀಚರ್ ಅದನ್ನು ಬೆರಳಿಂದ ಮುಟ್ಟಿ ನೋಡಿ, "ಸೋತಿವೆ ಪಾಪ" ಎಂದರು. ಕಳೆದ ವೈಶಾಖದಲ್ಲಿ ತೀರಿಕೊಂಡರು.

ಅಧ್ಯಯನ ಇನ್ನೂ ನಡೆಯುತ್ತಿದೆ. ಫಲಿತಾಂಶ ಏನೆಂದು ಕೇಳಬೇಡಿ, ಬರುವವರೆಗೆ ಅವಳು ನನಗೂ ಹೇಳುವುದಿಲ್ಲ. ಪತ್ರಿಕೆಯವರು ಫೋನು ಮಾಡಿದರೆ ಇಟ್ಟುಬಿಡುತ್ತಾಳೆ. ಮೊನ್ನೆ ಬೆಳಿಗ್ಗೆ ಇಬ್ಬರೂ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಎದುರಿಗೆ ಹೊಸ ಹೋರ್ಡಿಂಗು: ಡಾಕ್ಟರ್ ಶೇಖರರಿಗೆ ಜೀವಮಾನದ ಸಾಧನೆಗಾಗಿ ನಾಗರಿಕ ಸನ್ಮಾನ. ನನಗೆ ಅದನ್ನು ಹರಿದುಹಾಕುವಷ್ಟು ಕೋಪ ಬಂತು, ಹಾಗೆ ಹೇಳಿಯೂ ಬಿಟ್ಟೆ. ಮಿಸ್ರಿಯಾ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹರಿದರೆ ಇನ್ನೊಂದು ಹಾಕ್ತಾರೆ. ನನಗೆ ಇವತ್ತು ಸ್ಯಾಂಪಲ್ ಉಂಟು."

ಮಂಗಳೂರಿನ ಬಸ್ಸು ಬಂತು. ನಿಲ್ಲುವ ಮೊದಲೇ ಅವಳು ಹಲ್ಲು ಕಚ್ಚಿಕೊಂಡು ಜನರನ್ನು ತಳ್ಳಿ ಹತ್ತಿದಳು.